ಟ್ರೆಕ್ಕಿಗಳೂ ಟ್ರೆಕ್ಕರರೂ

ಲೋಕದಲ್ಲಿ ಒಂದು ಜನಸಮುದಾಯಕ್ಕೆ ಹೆಸರು ಬರುವ ದಾರಿಗಳು ಎರಡು. ಸಮುದಾಯವು ತನಗೆ ತಾನೇ ಹೆಸರನ್ನಿಟ್ಟುಕೊಳ್ಳುವುದು ಒಂದು. ಹೊರಗಿನವರು ಇಟ್ಟ ಹೆಸರು ಅಂಟಿಕೊಳ್ಳುವುದು ಇನ್ನೊಂದು. ಎರಡನೆಯ ಬಗೆಯ ಹೆಸರುಗಳಲ್ಲಿ ಬಹುಮಟ್ಟಿಗೆ ಪರಿಹಾಸ್ಯದ ಖಾರವಿರುತ್ತದೆ. ಇಂಗ್ಲೆಂಡಿನ ಕ್ವೇಕರರಿಗೆ ಆ ಹೆಸರು ಬಂದುದು ಅವರನ್ನು ಹೀಯಾಳಿಸುತ್ತಿದ್ದವರಿಂದ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರಿಗೆ ೧೮೭೪ರಲ್ಲಿ ಆ ಬಿರುದನ್ನು ಹಚ್ಚಿದವನು ಅವರ ಚಿತ್ರಗಳನ್ನು ಅಣಕಿಸಿದ ಲೂಯಿ ಲೆರ್ವಾ ಎಂಬ ವಿಮರ್ಶಕನು. ಇಂಥ ಹೆಸರು ಬಂದೊದಗಿದಾಗ ಕೆಲವರು ಅದನ್ನೇ ಒಡವೆಯಂತೆ ಧರಿಸುವರು, ಕೆಲವರು ಕಿತ್ತೆಸೆಯುವರು. ಮೂರನೆಯ ಬಗೆಯವರೂ ಉಂಟು. ಅವರು ಹೆಸರನ್ನು ಕಿತ್ತೆಸೆಯುವುದಿಲ್ಲ; ಪಕ್ಕದಲ್ಲಿ ಕುಳಿತ ತಮ್ಮವನ ಕೊರಳಿಗೆ ಹಾಕಿ, "ಅದು ಇವನ ಹೆಸರು, ನನ್ನದಲ್ಲ" ಎನ್ನುವರು. ಈ ಮೂರನೆಯ ಬಗೆಗೆ ಅಮೆರಿಕಾದ ಒಂದು ರಸಿಕಸಮಾಜದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿರುವುದರಿಂದ ಅದನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದೆ.

'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಕಥಾಮಾಲೆಯು ೧೯೬೬ನೆಯ ಇಸವಿ ಸೆಪ್ಟೆಂಬರ್ ೮ರಂದು ಅಮೆರಿಕಾದ ಎನ್.ಬಿ.ಸಿ. ಸಂಸ್ಥೆಯ ಮೂಲಕ ಪ್ರಸಾರವಾಗತೊಡಗಿತು. ಅದರ ಕರ್ತೃ ಜೀನ್ ರಾಡೆನ್‌ಬರಿ. ಮುಂದಿನ ಶತಮಾನಗಳೊಂದರಲ್ಲಿ 'ಎಂಟರ್‌ಪ್ರೈಸ್' ಎಂಬ ವ್ಯೋಮನೌಕೆಯಲ್ಲಿ ಮಾನವರು ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುವುದೇ ಅದರ ವಸ್ತು. ನೌಕೆಯ ನಾಯಕನು ಕರ್ಕ್. ಅವನ ಸಹಾಯಕನು ಸ್ಪಾಕ್. ಸ್ಪಾಕನ ತಂದೆಯು ವಲ್ಕನ್ ಎಂಬ ಅನ್ಯಲೋಕದವನು, ತಾಯಿಯು ಭೂಲೋಕದವಳು. ಅವನ ಕಿವಿಗಳು ಮೊನಚು, ಬುದ್ಧಿಯು ತರ್ಕಮಯ, ಭಾವವು ಅಂತರ್ಗತ. ನೌಕೆಯಲ್ಲಿ ಆಫ್ರಿಕಾ ಮೂಲದ ಮಹಿಳೆಯೂ, ಜಪಾನೀ ವಂಶದವನೂ, ರಷ್ಯದವನೂ ಸಮಾನ ಗೌರವದಿಂದ ಕೆಲಸ ಮಾಡುತ್ತಿದ್ದರು. ಅಮೆರಿಕಾದಲ್ಲಿ ವರ್ಣಭೇದದ ವಿರುದ್ಧ ಚಳವಳಿಯು ನಡೆಯುತ್ತಿದ್ದ, ರಷ್ಯದೊಡನೆ ಶೀತಲಸಮರವು ಬಿಗಿದಿದ್ದ ಆ ದಿನಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ವಿವಿಧತೆಗೆ ಕೊನೆಯಿಲ್ಲ, ಆ ವಿವಿಧತೆಗಳು ಕೂಡುವ ರೀತಿಗೂ ಕೊನೆಯಿಲ್ಲ ಎಂಬ ತತ್ತ್ವವೊಂದನ್ನು ೧೯೬೮ರಲ್ಲಿ ಈ ಕಥಾಮಾಲೆಯು ವಲ್ಕನರ ಬಾಯಲ್ಲಿ ಆಡಿಸಿತು. ಅಭಿಮಾನಿಗಳು ಅದನ್ನು ಸೂತ್ರಪ್ರಾಯವಾಗಿ ಸ್ವೀಕರಿಸಿದರು. ಆ ಸೂತ್ರವನ್ನು ಮೆಚ್ಚಿದವರಲ್ಲಿಯೇ ಒಡಕು ಹುಟ್ಟಿದ ಬಗೆ ಹೇಗೆಂಬುದು ನಮ್ಮ ಪ್ರಕೃತ ವಿಚಾರ.

ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಜ್ಞಾನಕಥೆಗಳ ಅಭಿಮಾನಿಸಂಘಗಳು ಟೆಲಿವಿಷನ್ನಿಗಿಂತ ಹಳೆಯವು. ೧೯೨೬ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಓದುಗರ ಕಾಗದಗಳನ್ನು ಅವರವರ ವಿಳಾಸದೊಡನೆ ಅಚ್ಚುಮಾಡತೊಡಗಿದರು. ಊರೂರಿನಲ್ಲಿ ಒಂಟಿಯಾಗಿದ್ದ ಓದುಗರು ಆ ವಿಳಾಸಗಳ ಮೂಲಕ ಒಬ್ಬರನ್ನೊಬ್ಬರು ಕಂಡುಕೊಂಡರು. ಸಂಘಗಳು ಹುಟ್ಟಿದುವು, ಕೈಯಿಂದಲೇ ಪ್ರತಿಮಾಡಿ ಹಂಚುವ ಸಣ್ಣ ಪತ್ರಿಕೆಗಳು ಹುಟ್ಟಿದುವು, ಅವುಗಳ ಬೆನ್ನಿಗೇ ಜಗಳಗಳೂ ಹುಟ್ಟಿದುವು. ೧೯೩೯ನೆಯ ಜುಲೈ ೨ರಂದು ನ್ಯೂಯಾರ್ಕಿನಲ್ಲಿ ಮೊದಲನೆಯ ವಿಶ್ವ ವಿಜ್ಞಾನಕಥಾ ಸಮ್ಮೇಳನವು ಸೇರಿತು. ಭವಿಷ್ಯದ ವಿಶಾಲ ಜಗತ್ತನ್ನು ಕನಸು ಕಾಣುವವರ ಆ ಸಭೆಯ ಬಾಗಿಲಲ್ಲಿಯೇ ಆರು ಮಂದಿಯನ್ನು ತಡೆದು ಹಿಂದಕ್ಕೆ ಕಳುಹಿಸಲಾಯಿತು. 'ಫ್ಯೂಚೂರಿಯನ್' ಎಂಬ ಪ್ರತಿಸ್ಪರ್ಧಿ ಸಂಘಕ್ಕೆ ಸೇರಿದ ಇವರು ರಾಜಕೀಯ ಕರಪತ್ರಗಳನ್ನು ಹಂಚಿ ಸಭೆಯನ್ನು ಕೆಡಿಸುವರೆಂಬ ಭಯವೇ ಅದಕ್ಕೆ ಕಾರಣ. ಹಾಗೆ ಹೊರಗುಳಿದವರಲ್ಲಿ ಡೊನಾಲ್ಡ್ ವೋಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲತ್ ಎಂಬವರಿದ್ದರು. ಮೂವರೂ ಮುಂದೆ ಆ ಸಾಹಿತ್ಯದ ಗಣ್ಯ ಲೇಖಕರೂ ಸಂಪಾದಕರೂ ಆದರು.

ಹೆಸರಿನ ವಿಚಾರದಲ್ಲಿಯೂ ಈ ಹಳಬರು ಬಹಳ ಸೂಕ್ಷ್ಮಮತಿಗಳು. ೧೯೫೪ರಲ್ಲಿ ಫಾರೆಸ್ಟ್ ಆಕರ್‌ಮನ್ ಎಂಬ ಹಿರಿಯ ಅಭಿಮಾನಿಯು 'ಸೈ-ಫೈ' ಎಂಬ ಸಂಕ್ಷಿಪ್ತ ಪದವನ್ನು ಬಳಕೆಗೆ ತಂದರು. ಪತ್ರಿಕೆಗಳೂ ಸಿನಿಮಾದವರೂ ಅದನ್ನು ಸಂತೋಷದಿಂದ ಎತ್ತಿಕೊಂಡರು. ಆದರೆ ಗಂಭೀರ ಓದುಗರೆನಿಸಿಕೊಂಡವರು 'ಎಸ್.ಎಫ್.' ಎಂದಲ್ಲದೆ ಬೇರೆ ಮಾತನ್ನು ಆಡರು; 'ಸೈ-ಫೈ' ಎಂಬುದು ಅವರ ಕಿವಿಗೆ ಅಗ್ಗದ ರಾಕ್ಷಸಚಿತ್ರಗಳ ಹೆಸರಾಗಿ ಕೇಳಿಸಿತು. ಹೊರಗಿನವರು ವಿಜ್ಞಾನಕಥೆಗಳನ್ನೆಲ್ಲ ಒಟ್ಟಾಗಿ ಬಾಲಿಶವೆಂದು ನಗುತ್ತಿದ್ದ ಕಾಲದಲ್ಲಿ, ಬಾಲಿಶವಾದುದಕ್ಕೆ ಬೇರೊಂದು ಹೆಸರನ್ನು ಗೊತ್ತುಮಾಡಿ ತಾವು ಬೇರೆಯೆಂದು ತೋರಿಸಿಕೊಳ್ಳುವ ಅಭ್ಯಾಸವು ಹೀಗೆ ಆ ಸಮಾಜದಲ್ಲಿ ಮೊದಲೇ ಬೇರೂರಿತ್ತು.

ಈ ಹಳಬರು 'ಸ್ಟಾರ್ ಟ್ರೆಕ್ಕ'ನ್ನು ಮೊದಲು ಆದರದಿಂದಲೇ ಬರಮಾಡಿಕೊಂಡರು. ಪ್ರಸಾರಕ್ಕೆ ಮುನ್ನವೇ, ೧೯೬೬ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಕ್ಲೀವ್‌ಲೆಂಡಿನ ವಿಶ್ವಸಮ್ಮೇಳನದಲ್ಲಿ ರಾಡೆನ್‌ಬರಿಯವರು ತಮ್ಮ ಚಿತ್ರವನ್ನು ತೋರಿಸಿದ್ದರು. ವಿಜ್ಞಾನಕಥೆಯ ಹಿರಿಯ ಪುರಸ್ಕಾರವಾದ ಹ್ಯೂಗೋ ೧೯೬೭ರಲ್ಲಿಯೂ ೧೯೬೮ರಲ್ಲಿಯೂ ಇದರ ಕಂತುಗಳಿಗೇ ದೊರೆಯಿತು. ಆದರೆ ಕಥಾಮಾಲೆಯ ಹಿಂದೆ ಒಂದು ಹೊಸ ಜನಪ್ರವಾಹವೇ ಬಂದಿತು. ಇವರು ಗರ್ನ್ಸ್‌ಬ್ಯಾಕರ ಪತ್ರಿಕೆಯನ್ನು ಓದಿ ಬೆಳೆದವರಲ್ಲ. ಎಳೆಯರು ಬಹಳ, ಇದುವರೆಗೆ ಬಹುತೇಕ ಗಂಡಸರದೇ ಆಗಿದ್ದ ಗೋಷ್ಠಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. 'ಟಿವಿ ಗೈಡ್' ಪತ್ರಿಕೆಯಲ್ಲಿ ೧೯೬೭ರ ಏಪ್ರಿಲಿನಲ್ಲಿ ಐಸಾಕ್ ಅಸಿಮೋವ್ ಅವರು ಬರೆದ ವಿನೋದಲೇಖನವೊಂದರ ವಿಷಯವೇ ಇದು: ತಮ್ಮ ಮಗಳು ಸ್ಪಾಕನನ್ನು ಮೋಹಕನೆಂದು ಮೆಚ್ಚಿದ್ದಳು, ಬುದ್ಧಿವಂತಿಕೆಯೂ ಹೆಣ್ಣಿನ ಮನಸ್ಸನ್ನು ಸೆಳೆಯಬಲ್ಲುದೆಂದು ಅವರು ಅದರಿಂದ ಸಿದ್ಧಾಂತಿಸಿದರು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ಇಪ್ಪತ್ತೈದನೆಯ ವಿಶ್ವಸಮ್ಮೇಳನವು ಸೇರಿದಾಗ, ಕೆಲವು ತರುಣರು ಸ್ಪಾಕನಂತೆ ಮೊನಚು ಕಿವಿಗಳನ್ನು ಅಂಟಿಸಿಕೊಂಡು ಓಡಾಡುತ್ತಿದ್ದರು. ಅವರನ್ನು ಕಂಡ ಆರ್ಥರ್ ಸಾಹಾ ಎಂಬ ಹಳಬರು, ಪತ್ರಿಕೋದ್ಯೋಗಿಯಾದ ಪೀಟ್ ಹ್ಯಾಮಿಲ್ ಅವರೊಡನೆ ಮಾತನಾಡುತ್ತ, ಅವರನ್ನು 'ಟ್ರೆಕ್ಕಿಗಳು' ಎಂದರು. ಹೆಸರು ಹುಟ್ಟಿದುದು ಹೀಗೆ. ಇದೇ ಸಾಹಾ ಅವರು ಮುಂದೆ ಅನೇಕ ವರ್ಷಗಳ ಕಾಲ ವಾರ್ಷಿಕ ಕಥಾಸಂಕಲನಗಳನ್ನು ಸಂಪಾದಿಸಿದುದು, ೧೯೩೯ರಲ್ಲಿ ಬಾಗಿಲಲ್ಲಿ ತಡೆಯಲ್ಪಟ್ಟಿದ್ದ ವೋಲ್‌ಹೈಮ್ ಅವರ ಜೊತೆಗೂಡಿ. ಒಂದು ಕಾಲಕ್ಕೆ ಹೊರಗೆ ನಿಂತಿದ್ದವರು ಮನೆಯ ಹಿರಿಯರಾಗಿದ್ದರು. ಈಗ ಬಾಗಿಲಲ್ಲಿ ಹೊಸಬರು ಬಂದು ನಿಂತಿದ್ದರು.

ಆ ಹೆಸರಿನ ರುಚಿಯು ಅದರ ಪ್ರತ್ಯಯದಲ್ಲಿದೆ. ಇಂಗ್ಲಿಷಿನಲ್ಲಿ ಪದದ ಕೊನೆಗೆ 'ಈ' ಎಂಬ ಧ್ವನಿಯನ್ನು ಸೇರಿಸಿದರೆ ಮಕ್ಕಳನ್ನು ಮುದ್ದಿನಿಂದ ಕರೆದಂತಾಗುತ್ತದೆ. ದೊಡ್ಡವರನ್ನು ಹಾಗೆ ಕರೆದರೆ ಹಗುರ ಮಾಡಿದಂತಾಗುತ್ತದೆ. ಅದೇ ದಶಕದಲ್ಲಿ, ಹಾಡುಗಾರರ ಮೇಳಗಳ ಹಿಂದೆ ತಿರುಗುವ ಹುಡುಗಿಯರಿಗೆ 'ಗ್ರೂಪಿ' ಎಂಬ ತಿರಸ್ಕಾರದ ಮಾತು ಹುಟ್ಟಿತ್ತು. 'ಟ್ರೆಕ್ಕಿ' ಅದರ ತಂಗಿಯಂತೆ ಕೇಳಿಸಿತು. ಇದಕ್ಕೆ ಪ್ರತಿಯಾಗಿ ಅಭಿಮಾನಿಗಳಲ್ಲಿಯೇ ಕೆಲವರು 'ಟ್ರೆಕ್ಕರ್' ಎಂಬ ರೂಪವನ್ನು ಹಿಡಿದರು. ಈ 'ಅರ್' ಪ್ರತ್ಯಯವು ಕೆಲಸಮಾಡುವವನನ್ನು ಸೂಚಿಸತಕ್ಕದ್ದು. ಅಲ್ಲದೆ ದಕ್ಷಿಣ ಆಫ್ರಿಕಾದ ಡಚ್ಚರ ಗಾಡಿಪ್ರಯಾಣಗಳ ಕಾಲದಿಂದ ಬಂದ ಆ ಪದಕ್ಕೆ ದೂರದಾರಿ ನಡೆಯುವ ಧೀರನೆಂಬ ಅರ್ಥವು ಮೊದಲೇ ಇದ್ದಿತು. ನಮ್ಮ ನುಡಿಯಲ್ಲಿಯೂ ಇಂಥ ಮರ್ಮ ಉಂಟು. ಬಹಳ ಮಾತನಾಡುವವನನ್ನು ಮೆಚ್ಚಿದರೆ 'ಮಾತುಗಾರ' ಎನ್ನುತ್ತೇವೆ. ಮೆಚ್ಚದಿದ್ದರೆ 'ಬಾಯಿಬಡಕ' ಎನ್ನುತ್ತೇವೆ. ಮಾತು ಅದೇ, ಮನುಷ್ಯನೂ ಅವನೇ. ಬದಲಾದುದು ಕೇಳುವವನ ಮುಖ.

'ಟ್ರೆಕ್ಕರ್' ಎಂಬ ಮಾತು ಕಾಣಿಸುವ ಹಳೆಯ ಬರಹಗಳಲ್ಲಿ ೧೯೭೦ರ 'ಡೆಕ್ ೬' ಎಂಬ ಅಭಿಮಾನಿ ಪತ್ರಿಕೆಯದು ಒಂದು. ಅದರ ಪ್ರಯೋಗವನ್ನು ಗಮನಿಸಿದರೆ ಈ ಇಡೀ ವಿವಾದದ ಬೀಜವು ಕೈಗೆ ಸಿಕ್ಕುತ್ತದೆ. ಬರೆದವರು ಯಾವ ಪರರನ್ನೂ ಜರೆಯುತ್ತಿಲ್ಲ. ತಾವೇ ಒಮ್ಮೊಮ್ಮೆ ಗಂಭೀರ ಟ್ರೆಕ್ಕರಿನ ನಿಲುವನ್ನು ಬಿಟ್ಟು, ಬುದ್ಧಿಯಿಲ್ಲದ ಟ್ರೆಕ್ಕಿಯಂತೆ ನಡೆಯತೊಡಗುವ ಗಳಿಗೆಯನ್ನು ಕುರಿತು ನಗುತ್ತಿದ್ದಾರೆ. ಅಂದರೆ ಎರಡು ಹೆಸರುಗಳೂ ಆಗ ಒಬ್ಬ ವ್ಯಕ್ತಿಯ ಎರಡು ಮನಃಸ್ಥಿತಿಗಳ ಹೆಸರುಗಳಾಗಿದ್ದುವು. ರಸದಲ್ಲಿ ಮೈಮರೆತವನೂ ಅವನೇ. ಎಚ್ಚೆತ್ತು ವಿಮರ್ಶಿಸುವವನೂ ಅವನೇ. ಯಾವ ಸಹೃದಯನಿಗೆ ಈ ಎರಡೂ ಇಲ್ಲ? ಕಾಲಕ್ರಮದಲ್ಲಿ ಈ ಗಡಿಯು ತನ್ನ ಸ್ಥಾನವನ್ನು ಬದಲಿಸಿತು. ಒಬ್ಬನ ಒಳಗೆ ಇದ್ದ ಗೆರೆಯು ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಬಂದು ನಿಂತಿತು. ನಾನು ಟ್ರೆಕ್ಕರ್, ತತ್ತ್ವವನ್ನು ವಿಚಾರಿಸತಕ್ಕವನು. ಅಗೋ ಅವಳು ಟ್ರೆಕ್ಕಿ, ಕಿವಿ ಅಂಟಿಸಿಕೊಂಡು ಕೂಗತಕ್ಕವಳು. ತನ್ನೊಳಗಿನ ಯಾವ ಭಾಗಕ್ಕಾಗಿ ನಾಚಿಕೆಯಾಯಿತೋ ಅದನ್ನು ಹೀಗೆ ನೆರೆಯವರ ಮೇಲೆ ಹೊರಿಸಿದ್ದಾಯಿತು.

'ಅವನು', 'ಅವಳು' ಎಂದು ನಾವು ಬೇಕೆಂದೇ ಬರೆದಿದ್ದೇವೆ. ಪತ್ರಿಕೆಗಳು ಟ್ರೆಕ್ಕಿಯನ್ನು ಚಿತ್ರಿಸುವಾಗ ನಟನಿಗಾಗಿ ಕಿರಿಚುವ ಹುಡುಗಿಯನ್ನು ಮರೆಯುತ್ತಿರಲಿಲ್ಲ. ಆದರೆ ಈ ಸಮಾಜವನ್ನು ಕಟ್ಟಿದವರಾರೆಂದು ನೋಡಿದರೆ ದಾಖಲೆಗಳು ಬೇರೆ ಕಥೆಯನ್ನೇ ಹೇಳುತ್ತವೆ. ಮೊಟ್ಟಮೊದಲ 'ಸ್ಟಾರ್ ಟ್ರೆಕ್' ಅಭಿಮಾನಿ ಪತ್ರಿಕೆಯಾದ 'ಸ್ಪಾಕನೇಲಿಯಾ'ವನ್ನು ೧೯೬೭ರಲ್ಲಿ ಸಂಪಾದಿಸಿದವರು ದೇವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಾಮರ್‌ಫರ್ಡ್ ಎಂಬ ಇಬ್ಬರು ಮಹಿಳೆಯರು. ಅದೇ ವರ್ಷದ ಕೊನೆಗೆ, ಕಥಾಮಾಲೆಯನ್ನು ಎನ್.ಬಿ.ಸಿ. ನಿಲ್ಲಿಸಲಿದೆಯೆಂಬ ಸುದ್ದಿ ಹಬ್ಬಿದಾಗ ಪತ್ರಚಳವಳಿಯನ್ನು ಹೂಡಿದವರು ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಟ್ರಿಂಬಲ್. ಒಬ್ಬೊಬ್ಬರೂ ಹತ್ತು ಮಂದಿಗೆ ಹೇಳಬೇಕು, ಆ ಹತ್ತರಲ್ಲಿ ಒಬ್ಬೊಬ್ಬರೂ ಮತ್ತೆ ಹತ್ತು ಮಂದಿಗೆ ಹೇಳಬೇಕು ಎಂಬುದು ಅವರ ಉಪಾಯ. ಕೆಲವೇ ತಿಂಗಳಲ್ಲಿ ೧,೧೦,೦೦೦ಕ್ಕೂ ಮಿಕ್ಕು ಕಾಗದಗಳು ಸಂಸ್ಥೆಗೆ ಬಂದುವು. ೧೯೬೮ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ಬರ್ಬ್ಯಾಂಕಿನಲ್ಲಿದ್ದ ಎನ್.ಬಿ.ಸಿ. ಕಟ್ಟಡಕ್ಕೆ ಮೆರವಣಿಗೆ ಹೋದರು. ಕೊನೆಗೆ ಮಾರ್ಚ್ ೧ರಂದು, ಕಥಾಮಾಲೆಯು ಮುಂದುವರಿಯುವುದೆಂದು ಸಂಸ್ಥೆಯು ಪ್ರಸಾರದಲ್ಲಿಯೇ ಸಾರಬೇಕಾಯಿತು. ಮೂರನೆಯ ವರ್ಷದಲ್ಲಿ ಅದನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ತಳ್ಳಿ, ೧೯೬೯ರಲ್ಲಿ ನಿಲ್ಲಿಸಿಯೇಬಿಟ್ಟರೆಂಬುದು ನಿಜ. ಆದರೆ ಆ ಮೂರನೆಯ ವರ್ಷವು ದೊರೆತುದರಿಂದಲೇ ಕಂತುಗಳ ಸಂಖ್ಯೆ ೭೯ ಆಯಿತು. ಊರೂರಿನ ಪ್ರಸಾರಕೇಂದ್ರಗಳು ಅವನ್ನು ದಿನಂಪ್ರತಿ ಮರುಪ್ರಸಾರ ಮಾಡುವುದಕ್ಕೆ ಸಾಕಾಗುವಷ್ಟು ಗಾತ್ರ ಬಂದಿತು. ಆ ಮರುಪ್ರಸಾರದಲ್ಲಿಯೇ ಅದು ಲೋಕಪ್ರಸಿದ್ಧವಾಯಿತು.

೧೯೭೨ರ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಈ ಅಭಿಮಾನಿಗಳು ತಮ್ಮದೇ ಸಮ್ಮೇಳನವನ್ನು ಕೂಡಿಸಿದರು. ಕೆಲವು ನೂರು ಮಂದಿ ಬಂದಾರೆಂದು ಕಾದಿದ್ದರೆ ಮೂರು ಸಾವಿರಕ್ಕೂ ಮಿಕ್ಕಿ ಬಂದರು. ೧೯೭೬ರಲ್ಲಿ ಮತ್ತೆ ಕಾಗದಗಳ ಮಳೆ ಸುರಿಯಿತು. ಈ ಸಲ ಅಧ್ಯಕ್ಷ ಫೋರ್ಡ್ ಅವರಿಗೆ. ಅಮೆರಿಕಾದ ಮೊದಲ ವ್ಯೋಮವಿಮಾನಕ್ಕೆ 'ಕಾನ್ಸ್ಟಿಟ್ಯೂಷನ್' ಎಂದು ಇಡಬೇಕೆಂದಿದ್ದ ಹೆಸರನ್ನು ಬಿಟ್ಟು 'ಎಂಟರ್‌ಪ್ರೈಸ್' ಎಂದೇ ಇಟ್ಟು, ಸೆಪ್ಟೆಂಬರ್ ೧೭ರಂದು ಅದನ್ನು ಹೊರಗೆ ತಂದರು. ಅದು ಅಂತರಿಕ್ಷಕ್ಕೆ ಏರಲಿಲ್ಲ. ಇಳಿಯುವುದೇ ಮೊದಲಾದ ಪರೀಕ್ಷೆಗಳಿಗೆ ಉಪಯೋಗವಾಯಿತು. ಈ ಕಾಗದಗಳಲ್ಲಿ ಟ್ರೆಕ್ಕಿಗಳು ಬರೆದುವೆಷ್ಟು, ಟ್ರೆಕ್ಕರರು ಬರೆದುವೆಷ್ಟು? ಅಂಚೆಯ ಚೀಲದಲ್ಲಿ ಅಂಥ ಭೇದವಿರಲಿಲ್ಲ. ಸಮುದಾಯವು ಸಾಧಿಸಿದ ಯಾವ ಕಾರ್ಯವನ್ನು ತೆಗೆದುಕೊಂಡರೂ, ಅದರಲ್ಲಿ ಭಾವಾವೇಶವೂ ವ್ಯವಸ್ಥಾಬುದ್ಧಿಯೂ ಕೂಡಿಯೇ ದುಡಿದಿರುವುದು ಕಾಣುತ್ತದೆ.

ಒಮ್ಮೆ ಗೆರೆ ಎಳೆಯುವ ಅಭ್ಯಾಸವಾದರೆ ಅದು ಒಂದು ಗೆರೆಗೆ ನಿಲ್ಲುವುದಿಲ್ಲ. ೧೯೭೩ರಲ್ಲಿ 'ಮೆನಾಜರಿ' ಎಂಬ ಅಭಿಮಾನಿ ಪತ್ರಿಕೆಯಲ್ಲಿ ಪಾಲಾ ಸ್ಮಿತ್ ಎಂಬವರು ಚಿಕ್ಕದೊಂದು ವಿಡಂಬನೆಯನ್ನು ಬರೆದರು. ಅದರ ಹೆಸರೇ 'ಒಬ್ಬ ಟ್ರೆಕ್ಕಿಯ ಕಥೆ' ಎಂಬರ್ಥದ್ದು. ಹದಿನೈದೂವರೆ ವಯಸ್ಸಿನ ಮೇರಿ ಸೂ ಎಂಬ ಬಾಲೆಯು ನೌಕಾಪಡೆಯ ಅಧಿಕಾರಿಣಿಯಾಗಿ, ಸರ್ವಗುಣಸಂಪನ್ನೆಯಾಗಿ, ಎಲ್ಲರನ್ನೂ ರಕ್ಷಿಸಿ, ಎಲ್ಲರನ್ನೂ ಅಳಿಸಿ ಸಾಯುತ್ತಾಳೆ. ಎಳೆಯ ಲೇಖಕಿಯರು ತಮ್ಮನ್ನೇ ಕಥಾನಾಯಿಕೆಯಾಗಿ ಮಾಡಿಕೊಂಡು ಬರೆಯುತ್ತಿದ್ದ ಕಥೆಗಳಿಗೆ ಇದು ಕನ್ನಡಿ ಹಿಡಿಯಿತು. ವಿಡಂಬನೆ ಚೊಕ್ಕವಾದುದೇ. ಆದರೆ 'ಮೇರಿ ಸೂ' ಎಂಬುದು ಬೈಗುಳಾಗಿ ಬೆಳೆಯಿತು. ಯಾವ ಕಥೆಯಲ್ಲಿ ಸಮರ್ಥಳಾದ ಹೆಣ್ಣು ಕಾಣಿಸಿದರೂ ಆ ಚೀಟಿಯನ್ನು ಅಂಟಿಸುವಂತಾಯಿತು. ಈ ಸಮಾಜವನ್ನು ಹತ್ತಿರದಿಂದ ಅಭ್ಯಾಸಮಾಡಿ ೧೯೯೨ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕ್ಯಾಮಿಲ್ ಬೇಕನ್-ಸ್ಮಿತ್ ಅವರು, ಈ ಹೆಸರಿನ ಭಯದಿಂದ ಲೇಖಕಿಯರು ಸ್ತ್ರೀಪಾತ್ರಗಳನ್ನು ಬರೆಯಲು ಹಿಂಜರಿದರೆಂದು ತಿಳಿಸಿದ್ದಾರೆ. ಹೆಂಗಸರು ಕಟ್ಟಿದ ಮನೆಯಲ್ಲಿ, ಹೆಂಗಸೇ ಇಟ್ಟ ಹಾಸ್ಯದ ಹೆಸರು ಹೆಂಗಸರ ಲೇಖನಿಯನ್ನು ತಡೆಯಿತು. ಹೆಸರಿನ ಜಗಳವೆಂದರೆ ಬರಿಯ ಮಾತಿನ ಜಗಳವೆಂದು ತಿಳಿದವರು ಇದನ್ನು ಯೋಚಿಸಬೇಕು.

ಹೆಸರಿನ ಕಾಟವು ನಟರನ್ನೂ ಬಿಡಲಿಲ್ಲ. ಸ್ಪಾಕನ ಪಾತ್ರಧಾರಿ ಲಿಯೊನಾರ್ಡ್ ನಿಮಾಯ್ ೧೯೭೫ರಲ್ಲಿ ತಮ್ಮ ಆತ್ಮವೃತ್ತಕ್ಕೆ 'ನಾನು ಸ್ಪಾಕನಲ್ಲ' ಎಂಬರ್ಥದ ಶೀರ್ಷಿಕೆಯನ್ನಿಟ್ಟರು. ಶೀರ್ಷಿಕೆಯನ್ನಷ್ಟೇ ಓದಿದ ಅನೇಕರು ಕುಪಿತರಾದರು. ಇಪ್ಪತ್ತು ವರ್ಷಗಳ ಮೇಲೆ, ೧೯೯೫ರಲ್ಲಿ, ಅವರು ಎರಡನೆಯ ಗ್ರಂಥಕ್ಕೆ 'ನಾನು ಸ್ಪಾಕ್' ಎಂದೇ ಹೆಸರಿಟ್ಟರು. ಕರ್ಕನ ಪಾತ್ರಧಾರಿ ವಿಲಿಯಮ್ ಶಾಟ್ನರ್ ಹಿಡಿದ ದಾರಿ ಬೇರೆ. ೧೯೮೬ನೆಯ ಡಿಸೆಂಬರ್ ೨೦ರಂದು ಟೆಲಿವಿಷನ್ನಿನ ಪ್ರಹಸನವೊಂದರಲ್ಲಿ, ಸಮ್ಮೇಳನಕ್ಕೆ ಬಂದ ಅಭಿಮಾನಿಗಳನ್ನು ಅವರು ಬದುಕಿನಲ್ಲಿ ಬೇರೇನೂ ಇಲ್ಲದವರೆಂದು ಗದರಿಸುವ ದೃಶ್ಯವನ್ನು ಅಭಿನಯಿಸಿದರು. ದೇಶವೆಲ್ಲ ನಕ್ಕಿತು. ಟ್ರೆಕ್ಕಿ ಎಂದರೆ ಪ್ರಾಯ ಬಂದರೂ ಬುದ್ಧಿ ಬೆಳೆಯದವನೆಂಬ ಚಿತ್ರವು ಜನಮನದಲ್ಲಿ ಗಟ್ಟಿಯಾಯಿತು. ಹಾಗೆಯೇ 'ಟ್ರೆಕ್ಕರ್' ಎಂಬ ಹೆಸರಿನ ಆಸರೆ ಹಲವರಿಗೆ ಮತ್ತಷ್ಟು ಬೇಕಾಯಿತು.

೧೯೮೭ರಲ್ಲಿ ಹೊಸ ನಟವರ್ಗದೊಡನೆ ಹೊಸ ಕಥಾಮಾಲೆ ಹೊರಟಿತು. ಅಲ್ಲಿಯವರೆಗೆ 'ಸ್ಟಾರ್ ಟ್ರೆಕ್' ಎಂದಷ್ಟೇ ಇದ್ದುದಕ್ಕೆ, ಮಗು ಹುಟ್ಟಿದ ಮೇಲೆ ತಂದೆಗೆ 'ಹಿರಿಯ' ಎಂಬ ವಿಶೇಷಣ ಬರುವಂತೆ, 'ಮೂಲ' ಎಂಬ ವಿಶೇಷಣ ಬಂದಿತು. ಮೂಲವೇ ನಿಜ, ಹೊಸತು ನಕಲು ಎಂಬವರು ಒಂದು ಕಡೆ. ಹೊಸತೇ ಪ್ರೌಢ, ಹಳತು ಬಣ್ಣದ ರಟ್ಟಿನ ಆಟ ಎಂಬವರು ಇನ್ನೊಂದು ಕಡೆ. ೧೯೯೩ರಲ್ಲಿ ಮತ್ತೊಂದು, ೧೯೯೫ರಲ್ಲಿ ಸ್ತ್ರೀನಾಯಕತ್ವದ ಇನ್ನೊಂದು, ೨೦೦೧ರಲ್ಲಿ ಮಗುದೊಂದು ಬಂದುವು. ೨೦೦೯ರ ಚಲನಚಿತ್ರವು ಕರ್ಕ್ ಮತ್ತು ಸ್ಪಾಕರಿಗೆ ಹೊಸ ಮುಖಗಳನ್ನು ಕೊಟ್ಟಿತು. ೨೦೧೭ರಲ್ಲಿ 'ಡಿಸ್ಕವರಿ' ಬಂದಿತು. ಪ್ರತಿಯೊಂದು ಸಲವೂ "ಇದು ನಿಜವಾದ ಸ್ಟಾರ್ ಟ್ರೆಕ್ ಅಲ್ಲ" ಎಂಬ ಕೂಗು ಎದ್ದಿತು. ನಕಲೆಂದು ೧೯೮೭ರಲ್ಲಿ ಜರೆಯಲ್ಪಟ್ಟುದೇ ೨೦೧೭ರಲ್ಲಿ ಹೊಸತನ್ನು ಅಳೆಯುವ ಮಾನದಂಡವಾಯಿತು. ಬಾಗಿಲು ದಾಟಿ ಒಳಗೆ ಬಂದವರೇ ಬಾಗಿಲನ್ನು ಕಾಯಲು ನಿಲ್ಲುವ ೧೯೩೯ರ ವರಸೆಯು ಹೀಗೆ ಮರಳಿ ಮರಳಿ ನಡೆಯಿತು.

ಹಾಗಾದರೆ ಮೊದಲಿನ ಎರಡು ಹೆಸರುಗಳ ಗತಿಯೇನಾಯಿತು? ೧೯೯೭ರಲ್ಲಿ ರಾಜರ್ ನೈಗಾರ್ಡ್ ಎಂಬವರು ಈ ಅಭಿಮಾನಿಗಳನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತೆಗೆದರು. ಅದಕ್ಕೆ ಇಟ್ಟ ಹೆಸರು 'ಟ್ರೆಕ್ಕೀಸ್'. ಅದರಲ್ಲಿಯೂ ಎರಡು ಹೆಸರುಗಳ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅರ್ಥ ಹೇಳುತ್ತಾರೆ. ಮೂವತ್ತು ವರ್ಷಗಳ ವಾದವಾದ ಮೇಲೆಯೂ ಎರಡರ ನಡುವಣ ಗೆರೆ ಎಲ್ಲಿದೆಯೆಂದು ಒಮ್ಮತವಿಲ್ಲದುದೇ ಆ ಗೆರೆಯ ಸ್ವಭಾವವನ್ನು ತಿಳಿಸುತ್ತದೆ. ಆಕ್ಸ್‌ಫರ್ಡ್ ನಿಘಂಟು ಎರಡನ್ನೂ ಸೇರಿಸಿಕೊಂಡಿದೆ. ಈಚಿನ ದಶಕಗಳಲ್ಲಿ ವಿಜ್ಞಾನಕಥೆಯು ಸಿನಿಮಾದ ಮುಖ್ಯ ಸರಕಾಗಿ, ಅದನ್ನು ಮೆಚ್ಚುವುದು ನಗೆಗೀಡಾಗುವ ಕೆಲಸವಾಗಿ ಉಳಿದಿಲ್ಲ. ಹೊರಗಿನ ನಗೆ ಇಳಿದಂತೆ ಒಳಗಿನ ಭೇದವೂ ಇಳಿಯಿತು. ಎಳೆಯರು ಇಂದು 'ಟ್ರೆಕ್ಕಿ' ಎಂದು ಸರಾಗವಾಗಿ ಹೇಳಿಕೊಳ್ಳುವರು. 'ಟ್ರೆಕ್ಕರ್' ಎಂದು ತಿದ್ದುವ ಹಿರಿಯರನ್ನು ಕಂಡು ಅವರಿಗೆ ಸೋಜಿಗವಾಗುತ್ತದೆ.

ಈ ವೃತ್ತಾಂತದಿಂದ ನಮಗೆ ತೋರುವುದಿಷ್ಟು. ಟ್ರೆಕ್ಕಿಗೂ ಟ್ರೆಕ್ಕರಿಗೂ ಭಕ್ತಿಯಲ್ಲಿ ಭೇದವಿರಲಿಲ್ಲ, ಜ್ಞಾನದಲ್ಲಿಯೂ ಇರಲಿಲ್ಲ. ನಗೆಗೆ ಅಂಜುವ ಪ್ರಮಾಣದಲ್ಲಿ ಮಾತ್ರ ಇದ್ದಿತು. ಅಂಜಿಕೆಯು ಕ್ಷಮಿಸತಕ್ಕದ್ದೇ. ಪ್ರೀತಿಸಿದ ವಸ್ತುವಿಗಾಗಿ ನಾಲ್ವರ ಎದುರಿನಲ್ಲಿ ನಗೆಗೀಡಾಗುವುದು ಯಾರಿಗೂ ಸುಖವಲ್ಲ. ಆದರೆ ಆ ಅಂಜಿಕೆಯ ಬೆಲೆಯನ್ನು ತೆತ್ತವರು ನಕ್ಕವರಲ್ಲ. ಪಕ್ಕದಲ್ಲಿದ್ದ ಎಳೆಯರು, ಹೊಸಬರು, ಕಥೆ ಬರೆಯಲು ಕುಳಿತ ಹುಡುಗಿಯರು. ಸಮಾಜವೊಂದರಲ್ಲಿ ತಮ್ಮವರನ್ನೇ ವಿಂಗಡಿಸುವ ಎರಡು ಹೆಸರುಗಳು ಕಂಡಾಗ, ಅವೆರಡರ ಅರ್ಥವೇನೆಂದು ನಿಘಂಟನ್ನು ನೋಡುವುದಕ್ಕೆ ಮೊದಲು, ಅವು ಹುಟ್ಟಿದ ಹೊತ್ತಿನಲ್ಲಿ ಹೊರಗೆ ನಗುತ್ತಿದ್ದವರು ಯಾರೆಂದು ಚರಿತ್ರಕಾರನು ವಿಚಾರಿಸುವುದು ಒಳ್ಳೆಯದು.